ಕುದುರೆಗಳ ಲೆಕ್ಕ ಸಾಕು, ಬಿಸಿಯ ಲೆಕ್ಕ ಕೊಡಿ

ವೇಗದ ಕಾರು ಕೊಂಡವರು ಅದನ್ನು ಇನ್ನಷ್ಟು ಚುರುಕು ಮಾಡಿಸಲು ಹೊರಟರೆ ಬೆಂಗಳೂರಿನಲ್ಲಿ ಈಗ ಒಂದು ಕ್ರಮ ಗೊತ್ತುಮಾಡಿಟ್ಟ ಹಾಗಿದೆ. ಮೊದಲು ಲ್ಯಾಪ್‌ಟಾಪ್ ಜೋಡಿಸಿ ಇಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ರೀಮ್ಯಾಪ್. ಆಮೇಲೆ ಎಕ್ಸಾಸ್ಟ್. ಆಮೇಲೆ ಇಂಟೇಕ್. ಕೈಯಲ್ಲಿ ಇನ್ನೂ ದುಡ್ಡಿದ್ದರೆ ದೊಡ್ಡ ಟರ್ಬೊ. ರೇಡಿಯೇಟರು, ಆಯಿಲ್ ಕೂಲರು, ಗೇರಿನ ಅನುಪಾತ ಇವುಗಳ ಮಾತೆತ್ತಿದರೆ ‘ಅದೆಲ್ಲ ಹೀಟ್ ಆದಾಗ ನೋಡ್ಕೊಳ್ಳೋಣ ಸಾರ್’ ಎಂಬ ಉತ್ತರ ಬರುತ್ತದೆ. ಮಾಡುವವರೂ ಮಾಡಿಸುವವರೂ ಒಪ್ಪಿಕೊಂಡು ಕೂತಿರುವ ಈ ಕ್ರಮ ಪೂರಾ ತಲೆಕೆಳಗಾದದ್ದು ಎಂಬುದು ನನ್ನ ವಾದ. ಬಿಸಿಯನ್ನು ಹೊರಹಾಕುವ ವ್ಯವಸ್ಥೆ ಮತ್ತು ಗೇರು, ಇವೆರಡೇ ಒಂದು ಕಾರು ನಿಜಕ್ಕೂ ಎಷ್ಟು ವೇಗದ್ದು ಎಂದು ತೀರ್ಮಾನಿಸುತ್ತವೆ. ಇವನ್ನು ಮುಟ್ಟದೆ ಕೂಡಿಸಿದ ಶಕ್ತಿ ಕಾಗದದಲ್ಲಿ ಇರುತ್ತದೆ, ರಸ್ತೆಯಲ್ಲಿ ಇರುವುದಿಲ್ಲ.

ಕಾಗದ ಅಂದದ್ದು ಡೈನೊ ಶೀಟಿಗೆ. ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಪಟ್ಟಿಗಳಿಂದ ಬಿಗಿದು ಕಟ್ಟುತ್ತಾರೆ. ಬಾನೆಟ್ ತೆರೆದಿರುತ್ತದೆ, ಎದುರಿಗೆ ದೊಡ್ಡ ಫ್ಯಾನು ಭರ್ರೆಂದು ತಿರುಗುತ್ತಿರುತ್ತದೆ. ಒಂದೇ ಗೇರಿನಲ್ಲಿ ಇಂಜಿನ್ನನ್ನು ಕೆಳಗಿನ ಸುತ್ತಿನಿಂದ ಕೆಂಪು ಗೆರೆಯವರೆಗೆ ಒಮ್ಮೆ ಎಳೆಸುತ್ತಾರೆ. ಹತ್ತು ಹದಿನೈದು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಇನ್ನೊಮ್ಮೆ ಎಳೆಸುವ ಮೊದಲು ತಣಿಯಲು ಬಿಡುತ್ತಾರೆ. ಚೆನ್ನಾಗಿ ಬಂದ ಗೆರೆಯನ್ನು ಮುದ್ರಿಸಿ ಕೊಡುತ್ತಾರೆ, ಮಾಲೀಕರು ಅದರ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸುತ್ತಾರೆ. ಆ ಅಳತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ತಣ್ಣಗಿರುವ ಇಂಜಿನ್ನು ಹದಿನೈದು ಸೆಕೆಂಡು ಏನು ಮಾಡಬಲ್ಲದು ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಆರನೆಯ ಸುತ್ತು ಹಾಕುವಾಗ ಆ ಕಾರಿನಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ? ಶೀಟಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಬಿಸಿಯ ಲೆಕ್ಕ ಕಷ್ಟದ್ದೇನಲ್ಲ. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ, ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೋಗುತ್ತದೆ, ಮಿಕ್ಕದ್ದು ಕೂಲಂಟಿಗೆ, ಆಯಿಲಿಗೆ, ಇಂಜಿನ್ನಿನ ಮೈಗೆ ಇಳಿಯುತ್ತದೆ. 2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತೆಗೆದುಕೊಳ್ಳಿ. 230 ಅಶ್ವಶಕ್ತಿ, ಅಂದರೆ 169 ಕಿಲೋವ್ಯಾಟ್. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಾಗ ಇಂಥ ಇಂಜಿನ್ನಿನ ಕೂಲಂಟಿಗೆ ಇಳಿಯುವ ಶಾಖ ಸುಮಾರು 100 ಕಿಲೋವ್ಯಾಟ್. ಬಚ್ಚಲುಮನೆಯ ಗೀಸರು ಸಾಮಾನ್ಯವಾಗಿ 2 ಕಿಲೋವ್ಯಾಟಿನದು. ಅಂಥ ಐವತ್ತು ಗೀಸರುಗಳನ್ನು ಒಂದು ಬಕೆಟ್ಟೂ ತುಂಬದಷ್ಟು ದ್ರವದಲ್ಲಿ ಮುಳುಗಿಸಿ ಒಟ್ಟಿಗೆ ಸ್ವಿಚ್ ಹಾಕಿದ ಹಾಗೆ. ರೇಡಿಯೇಟರು ಕೆಲಸ ನಿಲ್ಲಿಸಿತು ಅಂದುಕೊಳ್ಳಿ: ಎಂಟೊಂಬತ್ತು ಲೀಟರ್ ಕೂಲಂಟಿನ ಬಿಸಿ ಸೆಕೆಂಡಿಗೆ ಸುಮಾರು 3 ಡಿಗ್ರಿಯಂತೆ ಏರುತ್ತದೆ. 90 ಡಿಗ್ರಿಯಲ್ಲಿದ್ದದ್ದು ಕುದಿಯಲು ಕಾಲು ನಿಮಿಷ ಸಾಕು. ಅದೇ ಇಂಜಿನ್ನನ್ನು ಲ್ಯಾಪ್‌ಟಾಪಿನಿಂದ 300 ಅಶ್ವಶಕ್ತಿಗೆ ಏರಿಸಿದರೆ ಶಾಖವೂ ಅದೇ ಪ್ರಮಾಣದಲ್ಲಿ ಏರುತ್ತದೆ. ರೇಡಿಯೇಟರು ಮಾತ್ರ ಕಂಪನಿ ಕೊಟ್ಟಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ.

ಬೆಂಗಳೂರಿಗೆ ಇದರಲ್ಲಿ ಇನ್ನೂ ಒಂದು ಪೆಟ್ಟಿದೆ. ಯಾವ ಟ್ಯೂನರ್ ಬಾಯಲ್ಲೂ ನಾನು ಈ ಮಾತು ಕೇಳಿಲ್ಲ. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಎಂಟೊಂಬತ್ತು ಪ್ರತಿಶತ ತೆಳುವು. ಟರ್ಬೊ ಇಲ್ಲದ ಇಂಜಿನ್ನಿಗೆ ಅಷ್ಟೇ ಪ್ರಮಾಣದಲ್ಲಿ ಶಕ್ತಿ ಕಡಿಮೆಯಾಗುತ್ತದೆ, ಶಾಖವೂ ಕಡಿಮೆಯಾಗುತ್ತದೆ, ಲೆಕ್ಕ ಸರಿಹೋಗುತ್ತದೆ. ಟರ್ಬೊ ಇದ್ದರೆ ಹಾಗಲ್ಲ. ಕೊರತೆಯನ್ನು ತುಂಬಿಕೊಡಲು ಅದು ಇನ್ನಷ್ಟು ಜೋರಾಗಿ ತಿರುಗಿ ಗಾಳಿಯನ್ನು ಇನ್ನಷ್ಟು ಹಿಸುಕುತ್ತದೆ, ಹಿಸುಕಿದಷ್ಟೂ ಗಾಳಿ ಕಾಯುತ್ತದೆ. ಇಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ, ಆದರೆ ರೇಡಿಯೇಟರಿನ ಮೂಲಕ ಹಾಯುವುದು ಅದೇ ತೆಳುಗಾಳಿ. ಯುರೋಪಿನಲ್ಲಿ ಬರೆದ ರೀಮ್ಯಾಪ್ ಫೈಲನ್ನು ತಂದು ಇಲ್ಲಿ ಹಾಗೆಯೇ ಸುರಿಯುವವರು ಈ ಲೆಕ್ಕ ಹಾಕಿರುತ್ತಾರೆಂದು ನನಗೆ ನಂಬಿಕೆಯಿಲ್ಲ.

ಇದಕ್ಕೆ ಅವರ ಬಳಿ ಒಂದು ಸಿದ್ಧ ಉತ್ತರವಿದೆ. ಈಗಿನ ಇಸಿಯು ಬುದ್ಧಿವಂತ, ಬಿಸಿ ಹೆಚ್ಚಾದರೆ ತನ್ನಷ್ಟಕ್ಕೆ ಕಾಪಾಡಿಕೊಳ್ಳುತ್ತದೆ, ಇಂಜಿನ್ ಕೆಡುವುದಿಲ್ಲ ಎನ್ನುತ್ತಾರೆ. ಕಾಪಾಡಿಕೊಳ್ಳುವುದು ಹೇಗೆ ಎಂದು ಮಾತ್ರ ಹೇಳುವುದಿಲ್ಲ. 30 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಹಿಸುಕಿದರೆ ಅದರ ಬಿಸಿ 120 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಅದನ್ನು ತಣಿಸಬೇಕಾದ ಇಂಟರ್‌ಕೂಲರ್ ತಾನೇ ಕಾದು ಕೂತಿದ್ದರೆ ಬಿಸಿಗಾಳಿ ಸಿಲಿಂಡರಿಗೆ ನುಗ್ಗುತ್ತದೆ, ನಾಕಿಂಗ್ ಶುರುವಾಗುತ್ತದೆ. ಆಗ ಇಸಿಯು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಸರಿಸುತ್ತದೆ, ಬೂಸ್ಟ್ ಇಳಿಸುತ್ತದೆ, ಸಿಲಿಂಡರನ್ನು ತಣಿಸಲೆಂದು ಹೆಚ್ಚಿಗೆ ಪೆಟ್ರೋಲ್ ಸುರಿಯುತ್ತದೆ. ದುಡ್ಡು ಕೊಟ್ಟು ಕೊಂಡ ಶಕ್ತಿಯನ್ನು ಮೂರನೆಯ ಸುತ್ತಿಗೆ ಹಿಂದಕ್ಕೆ ಕಿತ್ತುಕೊಳ್ಳುವುದೇ ಆ ರಕ್ಷಣೆ. ಆ ಹೊತ್ತಿಗೆ ಒಳ್ಳೆಯ ಇಂಟರ್‌ಕೂಲರ್ ಹಾಕಿ ಇಂಜಿನ್ನಿನ ಶಕ್ತಿಯನ್ನು ಮುಟ್ಟದೆ ಬಿಟ್ಟ ಕಾರು ಅದನ್ನು ದಾಟಿ ಮುಂದೆ ಹೋಗಿರುತ್ತದೆ.

ಶಕ್ತಿಯ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಕಾರು ಬುಗಾಟಿ ವೇರಾನ್. 2005ರಲ್ಲಿ ಬಂದ ಅದರ 1001 ಅಶ್ವಶಕ್ತಿ, ಗಂಟೆಗೆ 407 ಕಿಲೋಮೀಟರ್ ವೇಗ ಕಾಲೇಜು ಹುಡುಗರಿಗೂ ಬಾಯಿಪಾಠ. ಅದೇ ಕಾರಿನಲ್ಲಿ 10 ರೇಡಿಯೇಟರುಗಳಿವೆ ಎಂಬುದು ಎಷ್ಟು ಜನರಿಗೆ ನೆನಪಿದೆ? ಇಂಜಿನ್ ಕೂಲಂಟಿಗೆ ಬೇರೆ, ಇಂಜಿನ್ ಆಯಿಲಿಗೆ ಬೇರೆ, ಗೇರ್ ಬಾಕ್ಸ್ ಆಯಿಲಿಗೆ ಬೇರೆ, ಡಿಫರೆನ್ಷಿಯಲ್ಲಿಗೆ ಬೇರೆ. ಹಿಂದಿನ ರೆಕ್ಕೆಯನ್ನು ಎತ್ತುವ ಹೈಡ್ರಾಲಿಕ್ ದ್ರವಕ್ಕೂ ಒಂದು. ಹದಿನಾರು ಸಿಲಿಂಡರು, ನಾಲ್ಕು ಟರ್ಬೊ ಜೋಡಿಸುವುದಕ್ಕಿಂತ ಅವುಗಳ ಬಿಸಿಗೆ ದಾರಿ ಮಾಡಿಕೊಡುವುದೇ ಆ ಎಂಜಿನಿಯರುಗಳಿಗೆ ದೊಡ್ಡ ಕೆಲಸವಾಯಿತು. ಇದಕ್ಕೂ ಹಿಂದೆ, 1978ರಲ್ಲಿ, ಗಾರ್ಡನ್ ಮರ್ರಿಯಂಥ ಮೇಧಾವಿ ವಿನ್ಯಾಸಕ ಬ್ರಾಬಮ್ ತಂಡದ ಫಾರ್ಮುಲಾ ಒನ್ ಕಾರು ಬಿಟಿ46ಕ್ಕೆ ಸಾಧಾರಣ ರೇಡಿಯೇಟರೇ ಬೇಡವೆಂದು ಮೈಗೆ ಸಮನಾಗಿ ಕೂರುವ ಚಪ್ಪಟೆ ಹಲಗೆಗಳನ್ನು ಹೊಂದಿಸಿದ್ದರು. ನೋಡಲು ಬಲು ಚಂದ. ಆಲ್ಫಾ ರೋಮಿಯೋದ ಹನ್ನೆರಡು ಸಿಲಿಂಡರುಗಳ ಬಿಸಿ ಆ ಹಲಗೆಗಳಿಗೆ ತಡೆಯಲಿಲ್ಲ. ಅವನ್ನು ಕಿತ್ತು, ಮೂತಿಯಲ್ಲಿ ಮಾಮೂಲಿ ರೇಡಿಯೇಟರುಗಳನ್ನು ಕೂರಿಸಿದ ಮೇಲೆಯೇ ಆ ಕಾರು ರೇಸಿಗೆ ಇಳಿದದ್ದು. ಮರ್ರಿಯವರಿಗೇ ಬಗ್ಗದ ಬಿಸಿ ನಮ್ಮ ಗ್ಯಾರೇಜುಗಳ ‘ಆಮೇಲೆ ನೋಡೋಣ’ಕ್ಕೆ ಬಗ್ಗುತ್ತದೆಯೇ?

‘ಕಂಪನಿಯವರು ಮಾರ್ಜಿನ್ ಬಿಟ್ಟಿರ್ತಾರೆ’ ಎಂಬುದು ಇನ್ನೊಂದು ಮಾತು. ಬಿಟ್ಟಿರುತ್ತಾರೆ, ನಿಜ. ಯಾತಕ್ಕೆ ಬಿಟ್ಟಿರುತ್ತಾರೆ? ಮರುಭೂಮಿಯ ಬಿಸಿಲಿಗೆ, ಎಸಿ ಪೂರ್ತಿ ಹಾಕಿಕೊಂಡು ಐದು ಜನ ಕೂತು ಏರು ಹತ್ತುವುದಕ್ಕೆ, ಐದಾರು ವರ್ಷಕ್ಕೆ ಧೂಳು ಕಟ್ಟಿಕೊಳ್ಳುವ ಫಿನ್‌ಗಳಿಗೆ, ಬದಲಾಯಿಸದೆ ಬಿಟ್ಟ ಹಳೆಯ ಕೂಲಂಟಿಗೆ, ಸವೆದ ವಾಟರ್ ಪಂಪಿಗೆ. ಆ ಮಾರ್ಜಿನ್ನಿನಲ್ಲಿ ಬಹುಪಾಲನ್ನು ನಮ್ಮ ಧೂಳು ಮತ್ತು ನಮ್ಮ ಅಸಡ್ಡೆ ಆಗಲೇ ತಿಂದು ಹಾಕಿರುತ್ತವೆ. ಐದು ವರ್ಷದ ಕಾರಿಗೆ ರೀಮ್ಯಾಪ್ ಮಾಡುವಾಗ ಉಳಿದಿರುವುದು ಎಷ್ಟು ಎಂದು ಯಾರಾದರೂ ಅಳೆಯುತ್ತಾರೆಯೇ?

ಬಿಸಿ ಆದಾಗ ನೋಡಿಕೊಳ್ಳುವವರು ಏನು ಮಾಡುತ್ತಾರೆ ಎಂಬುದನ್ನೂ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನ ಹಾನಿ ಆಗುವುದು ಅಲ್ಲಿಯೇ. ಅವರ ಮೊದಲ ಔಷಧ, ‘ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡಿ’. ರಾಜ್ಯದ ಯಾವ ಊರಿನ ಗ್ಯಾರೇಜಿಗೆ ಹೋದರೂ ಈ ಸಲಹೆ ಸಿಗುತ್ತದೆ, ಅಂಬಾಸಡರ್ ಕಾಲದಿಂದ ಬಂದ ನಂಬಿಕೆ ಇದು. ಥರ್ಮೋಸ್ಟಾಟ್ ನೀರಿಗೆ ಅಡ್ಡ ನಿಂತಿದೆ, ಅಡ್ಡ ತೆಗೆದರೆ ನೀರು ಸಲೀಸಾಗಿ ಓಡಿ ಇಂಜಿನ್ ತಣ್ಣಗಿರುತ್ತದೆ ಎಂಬ ಎಣಿಕೆ. ಬಹಳಷ್ಟು ಇಂಜಿನ್ನುಗಳ ಥರ್ಮೋಸ್ಟಾಟನ್ನು ಕೈಯಲ್ಲಿ ಹಿಡಿದು ನೋಡಿದರೆ ಅದಕ್ಕೆ ಎರಡು ಬಿಲ್ಲೆಗಳಿರುವುದು ಕಾಣುತ್ತದೆ. ನಡುವಿನ ಹಿತ್ತಾಳೆ ಗುಂಡಿನೊಳಗಿನ ಮೇಣ ಬಿಸಿಗೆ ಉಬ್ಬಿದಾಗ ಮೇಲಿನ ಬಿಲ್ಲೆ ರೇಡಿಯೇಟರಿನ ದಾರಿ ತೆರೆಯುತ್ತದೆ; ಅದೇ ಹೊತ್ತಿಗೆ ಕೆಳಗಿನ ಚಿಕ್ಕ ಬಿಲ್ಲೆ ಇಳಿದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಇಡೀ ವಾಲ್ವನ್ನೇ ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ಕೂಲಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ. ಜೋರಾಗಿ ಓಡಿಸುವಾಗ, ಅಂದರೆ ತಂಪು ಬೇಕೇಬೇಕಾದ ಹೊತ್ತಿನಲ್ಲಿ, ಅಂಥ ಇಂಜಿನ್ ಮೊದಲಿಗಿಂತ ಬೇಗ ಕಾಯುತ್ತದೆ.

ನಿಧಾನವಾಗಿ ಓಡಿಸುವಾಗ ಇದರ ಉಲ್ಟಾ. ಇಂಜಿನ್ ಬೆಚ್ಚಗಾಗುವುದೇ ಇಲ್ಲ. ಇನ್ನೂ ತಣ್ಣಗಿದೆ ಎಂದುಕೊಂಡ ಇಸಿಯು ಹೆಚ್ಚಿಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅದು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಸಂಪಿನ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0128 ಎಂಬ ಕೋಡ್ ಬರುತ್ತದೆ. ಕೂಲಂಟ್ ತಲುಪಬೇಕಾದ ಬಿಸಿಯನ್ನು ತಲುಪುತ್ತಿಲ್ಲ ಎಂದು ಅದರ ಅರ್ಥ. ಆ ಕೋಡನ್ನು ಅಳಿಸಿ ಕಾರನ್ನು ವಾಪಸು ಕೊಡುವವರಿದ್ದಾರೆ!

ಇದಕ್ಕೆ ವಿರುದ್ಧವಾದ ಇನ್ನೊಂದು ಪಂಗಡವೂ ಇದೆ. ನೀರು ತೀರಾ ಬೇಗ ಓಡಿದರೆ ರೇಡಿಯೇಟರಿನಲ್ಲಿ ತಣಿಯಲು ಸಮಯ ಸಿಗುವುದಿಲ್ಲ, ನಿಧಾನ ಓಡಿಸಬೇಕು ಎಂದು ಇವರು ಪೈಪಿನಲ್ಲಿ ತೂತಿನ ಬಿಲ್ಲೆ ಇಡುತ್ತಾರೆ. ಕೇಳಲು ಸರಿಯೆನಿಸುತ್ತದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ನಿಮಿಷಕ್ಕೆ 200 ಲೀಟರ್ ಕೂಲಂಟ್ ಓಡುತ್ತಿದ್ದರೆ 100 ಕಿಲೋವ್ಯಾಟ್ ಶಾಖ ಬಿಡಲು ಅದು ರೇಡಿಯೇಟರಿನಲ್ಲಿ ಸುಮಾರು 8 ಡಿಗ್ರಿ ಇಳಿದರೆ ಸಾಕು. ಓಟವನ್ನು ಅರ್ಧಕ್ಕೆ ಇಳಿಸಿದರೆ 16 ಡಿಗ್ರಿ ಇಳಿಯಬೇಕು. ಆಗ ರೇಡಿಯೇಟರಿನ ಕೊನೆಯ ಭಾಗ ತಣ್ಣಗಾಗಿ, ಗಾಳಿಗೂ ಲೋಹಕ್ಕೂ ನಡುವಿನ ಬಿಸಿಯ ಅಂತರ ಕುಗ್ಗಿ, ಶಾಖ ಹೊರಹೋಗುವುದೇ ಕಡಿಮೆಯಾಗುತ್ತದೆ. ಕೆಳಗಿನ ಪೈಪು ಮುಟ್ಟಿ ನೋಡಿ ‘ತಣ್ಣಗಿದೆ ಸಾರ್’ ಅನ್ನುತ್ತಾರಲ್ಲ, ಆ ತಂಪಿನ ಬೆಲೆಯನ್ನು ತೆರುವುದು ಸಿಲಿಂಡರ್ ಹೆಡ್ಡು. ಇನ್ನು ಕೂಲಂಟಿನ ಬದಲು ಬೋರ್‌ವೆಲ್ ನೀರು ಸುರಿಯುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಚ್ಚಲಿನ ನಲ್ಲಿಯ ಬಾಯಲ್ಲಿ ಕಟ್ಟುವ ಬಿಳಿ ಸುಣ್ಣವೇ ಇಂಜಿನ್ ಬ್ಲಾಕಿನ ಒಳಗೂ ಕಟ್ಟುತ್ತದೆ.

ಸ್ವಲ್ಪ ತಿಳಿದವರು ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ತರಿಸುತ್ತಾರೆ. ಇವರ ಮೇಲೆ ನನಗೆ ಗೌರವವಿದೆ, ಆದರೂ ಅರ್ಧದಾರಿಯಲ್ಲಿ ನಿಲ್ಲುತ್ತಾರೆ. ದಪ್ಪ ಹೆಚ್ಚಿದಷ್ಟೂ ಗಾಳಿ ಹಾಯುವುದು ಕಷ್ಟ. ಟರ್ಬೊ ಕಾರಿನ ಮೂತಿಯಲ್ಲಿ ಎಸಿ ಕಂಡೆನ್ಸರ್, ಇಂಟರ್‌ಕೂಲರ್, ರೇಡಿಯೇಟರ್ ಒಂದರ ಹಿಂದೊಂದು ಒತ್ತಿಕೊಂಡು ನಿಂತಿರುತ್ತವೆ. ಮುಂದಿನದನ್ನು ದಪ್ಪ ಮಾಡಿದರೆ ಹಿಂದಿನದಕ್ಕೆ ಸಿಗುವುದು ಕಡಿಮೆ ಗಾಳಿ, ಅದೂ ಆಗಲೇ ಕಾದ ಗಾಳಿ. ದೊಡ್ಡ ಇಂಟರ್‌ಕೂಲರ್ ಹಾಕಿಸಿದ ಮೇಲೆ ಕೂಲಂಟ್ ಬಿಸಿಯಾಗತೊಡಗಿತು ಎಂದು ದೂರುವವರ ಕಾರಿನಲ್ಲಿ ಆಗಿರುವುದು ಇದೇ.

ನಾಲ್ಕೈದು ವರ್ಷ ಬೆಂಗಳೂರಿನಲ್ಲಿ ಓಡಿದ ಕಾರಿನ ಬಂಪರ್ ಕಳಚಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಬೇಕು. ಹೊರಗಿನಿಂದ ಕಂಡೆನ್ಸರ್ ಶುಭ್ರವಾಗಿ ಕಾಣುತ್ತದೆ, ವಾಟರ್ ಸರ್ವಿಸಿನಲ್ಲಿ ಪ್ರತಿ ಸಲ ನೀರು ಹೊಡೆದಿರುತ್ತಾರೆ. ಹಿಂದಿನ ಸಂದಿಯಲ್ಲಿ ಕಟ್ಟಡಗಳ ಸಿಮೆಂಟ್ ಧೂಳು, ಹುಳುಗಳ ರೆಕ್ಕೆ, ಒಣಗಿದ ಹೂವಿನ ಎಸಳು, ಹತ್ತಿಯಂಥ ನಾರು ಎಲ್ಲ ಒತ್ತಿಕೊಂಡು ಕಂಬಳಿಯ ಹಾಗೆ ಒಂದು ಹಾಳೆಯೇ ಆಗಿರುತ್ತದೆ. ಬೆರಳಲ್ಲಿ ಹಿಡಿದು ಎಳೆದರೆ ಅಂಗೈ ಅಗಲದ ತುಂಡು ಬರುತ್ತದೆ. ಅದೇ ಬಂಪರಿನ ಒಳಗೆ ಕರಿ ಪ್ಲಾಸ್ಟಿಕ್ಕಿನ ಏರ್ ಗೈಡ್‌ಗಳಿರಬೇಕು, ಗ್ರಿಲ್ಲಿನಿಂದ ಬಂದ ಗಾಳಿ ಆಚೀಚೆ ಸೋರದೆ ರೇಡಿಯೇಟರಿನ ಮೂಲಕವೇ ಹೋಗಲಿ ಎಂದು ಕಂಪನಿ ಕೊಟ್ಟದ್ದು. ಎಲ್ಲೋ ಸಣ್ಣಗೆ ಗುದ್ದಿ ಬಂಪರ್ ರಿಪೇರಿಯಾಗಿದ್ದರೆ ಅವುಗಳಲ್ಲಿ ಒಂದು ಇರುವುದೇ ಇಲ್ಲ, ಇನ್ನೊಂದು ಕ್ಲಿಪ್ ಮುರಿದು ಜೋತಾಡುತ್ತಿರುತ್ತದೆ. ಗಾಳಿ ಸುಲಭದ ದಾರಿ ಹಿಡಿದು ರೇಡಿಯೇಟರಿನ ಪಕ್ಕದಿಂದ ನುಸುಳಿ ಹೋಗುತ್ತದೆ. ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ತುಂಡು ಮತ್ತು ಸಂದಿ ಮುಚ್ಚುವ ಫೋಮ್ ಪಟ್ಟಿ ಮಾಡುವ ಕೆಲಸವನ್ನು ಮೂವತ್ತು ನಲವತ್ತು ಸಾವಿರದ ರೇಡಿಯೇಟರ್ ಮಾಡಲಾರದು. ಜೊತೆಗೆ ಒಳಗೆ ಬಂದ ಗಾಳಿ ಹೊರಗೂ ಹೋಗಬೇಕು. ಬಾನೆಟ್ಟಿನೊಳಗೆ ಒತ್ತಡ ಕಟ್ಟಿಕೊಂಡರೆ ಮುಂದಿನಿಂದ ಹೊಸ ಗಾಳಿ ನುಗ್ಗುವುದಿಲ್ಲ. ರೇಸ್ ಕಾರುಗಳ ಬಾನೆಟ್ಟಿನ ಮೇಲಿನ ಸೀಳುಗಳು ಅಲಂಕಾರಕ್ಕೆ ಇರುವುದಲ್ಲ.

ಕೂಲಂಟ್ ಮುಳ್ಳು ನಡುವಿನಲ್ಲಿದ್ದರೆ ಎಲ್ಲ ಸರಿ ಎಂದು ನಂಬುವವರಿಗೆ ಆಯಿಲಿನ ಮಾತು. ಹೆಚ್ಚಿನ ಕಾರುಗಳ ಆ ಮುಳ್ಳು ಒಂದು ವ್ಯಾಪ್ತಿಯ ಒಳಗೆ ಬಿಸಿ ಏರಿದರೂ ಇಳಿದರೂ ಅಲ್ಲಾಡದಂತೆಯೇ ಮಾಡಿರುತ್ತಾರೆ. ಆಯಿಲಿನ ಬಿಸಿಯನ್ನಂತೂ ಅದು ಹೇಳುವುದೇ ಇಲ್ಲ. 2009ರ ನಿಸಾನ್ 370ಝಡ್ ಆಯಿಲ್ ಕೂಲರ್ ಇಲ್ಲದೆ ಬಂತು. ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಆಯಿಲ್ 138 ಡಿಗ್ರಿಯ ಹತ್ತಿರ ಹೋಗಿ, ಇಸಿಯು ಇಂಜಿನ್ನಿನ ಸುತ್ತು ಕಡಿದು ಕಾರನ್ನು ಕುಂಟಿಸುತ್ತಿತ್ತು. ಇಂಜಿನ್ನಿನ ಶಕ್ತಿಗೇನೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಒಂದು ಆಯಿಲ್ ಕೂಲರಿನದು. ಇದಕ್ಕೆ ಹೋಲಿಸಿದರೆ 2000ದಲ್ಲಿ ಬಂದ ಬಿಎಂಡಬ್ಲ್ಯು ಈ46 ಎಂ3 ಕಾರಿನ ವಿವೇಕ ದೊಡ್ಡದು. ಆಯಿಲಿನ ಬಿಸಿಗೆ ಅದರಲ್ಲಿ ಪ್ರತ್ಯೇಕ ಮುಳ್ಳಿದೆ. ಸುತ್ತು ತೋರಿಸುವ ಮೀಟರಿನ ಅಂಚಿನಲ್ಲಿ ಚಿಕ್ಕ ದೀಪಗಳ ಸಾಲಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅವು ಉರಿಯುತ್ತವೆ, ಆಯಿಲ್ ಬೆಚ್ಚಗಾದಂತೆ ಒಂದೊಂದಾಗಿ ಆರುತ್ತಾ ಹೋಗುತ್ತವೆ. ದೀಪ ಉರಿಯುವ ಸುತ್ತಿಗೆ ಇಂಜಿನ್ನನ್ನು ಏರಿಸಬೇಡ ಎಂದು ಕಾರೇ ಚಾಲಕನಿಗೆ ಹೇಳುತ್ತದೆ. 8000 ಸುತ್ತಿನವರೆಗೆ ತಿರುಗುವ ಇಂಜಿನ್ ಮಾಡಿದವರು ಅದರ ಬಿಸಿಯನ್ನು ಚಾಲಕನ ಕಣ್ಣೆದುರಿಗೇ ಇಟ್ಟರು.

ಅದೇ ಎಂ3 ಇಟ್ಟುಕೊಂಡು ಗೇರಿನ ಮಾತಿಗೆ ಬರೋಣ. ಗೇರಿನ ಬಗ್ಗೆ ಇರುವ ನಂಬಿಕೆ, ಕ್ರೌನ್ ಪಿನಿಯನ್ ಬದಲಾಯಿಸಿ ಅನುಪಾತವನ್ನು ಮೋಟು ಮಾಡಿಸಿದರೆ ಪಿಕಪ್ ಪುಕ್ಕಟೆ ಸಿಗುತ್ತದೆ ಎಂಬುದು. ಎಂ3ಗೆ ಕಂಪನಿ ಕೊಟ್ಟ ಆ ಅನುಪಾತ, ಅಂದರೆ ಫೈನಲ್ ಡ್ರೈವ್, 3.62. ಜನ ಹಾಕಿಸಿಕೊಳ್ಳುವುದು 4.10. ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಟಾರ್ಕ್ 13 ಪ್ರತಿಶತ ಹೆಚ್ಚುತ್ತದೆ, ಅದು ಖರೆ. ಮುಂದಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಎರಡನೆಯ ಗೇರಿನ ಅನುಪಾತ 2.53, ಹಿಂದಿನ ಟೈರು 255/40, 18 ಇಂಚಿನದು. ಕಂಪನಿಯ ಹಲ್ಲಿನಲ್ಲಿ 8000 ಸುತ್ತಿಗೆ ಎರಡನೆಯ ಗೇರು ಗಂಟೆಗೆ 109 ಕಿಲೋಮೀಟರ್ ತನಕ ಎಳೆಯುತ್ತದೆ. 4.10 ಹಾಕಿದರೆ 96ಕ್ಕೇ ಮುಗಿಯುತ್ತದೆ. 96ರಿಂದ 109ರವರೆಗೆ ಹಳೆಯ ಕಾರು ಇನ್ನೂ ಎರಡನೆಯ ಗೇರಿನಲ್ಲಿ 7000 ಸುತ್ತಿನ ಮೇಲೆ ಕೂಗುತ್ತಿರುವಾಗ ಹೊಸ ಹಲ್ಲಿನ ಕಾರು ಮೂರನೆಯದಕ್ಕೆ ಬಂದು 5300ರ ಹತ್ತಿರಕ್ಕೆ ಬಿದ್ದಿರುತ್ತದೆ, ಟಾರ್ಕನ್ನು ಹೆಚ್ಚಿಸುವ ಒಟ್ಟು ಅನುಪಾತ ಹಳೆಯ ಕಾರಿಗಿಂತ ಕಾಲುಭಾಗ ಕಡಿಮೆ. ಸೊನ್ನೆಯಿಂದ ನೂರಕ್ಕೆ ಹೋಗಲು ಈಗ ಇನ್ನೊಂದು ಗೇರು ಬದಲಾವಣೆ ಬೇಕು, ಆ ಅರೆಗಳಿಗೆ ಚಕ್ರಕ್ಕೆ ಶಕ್ತಿಯೇ ಇಲ್ಲ. ನಾಲ್ಕನೆಯ ಗೇರು 224ರ ಬದಲು 198ಕ್ಕೆ ತೀರುತ್ತದೆ. ಹೆದ್ದಾರಿಯಲ್ಲಿ ಆರನೆಯ ಗೇರಿನಲ್ಲಿ ನೂರರಲ್ಲಿ ಹೋಗುವಾಗ 2400 ಇದ್ದ ಸುತ್ತು 2730ಕ್ಕೆ ಏರುತ್ತದೆ, ಅಷ್ಟು ಹೆಚ್ಚಿನ ಘರ್ಷಣೆ, ಅಷ್ಟು ಹೆಚ್ಚಿನ ಆಯಿಲ್ ಬಿಸಿ. ಇಂಜಿನ್ನಿನ ಶಕ್ತಿಯನ್ನು ಗೇರು ಹೆಚ್ಚಿಸಲಾರದು. ಯಾವ ವೇಗದಲ್ಲಿ ಅದು ಪೂರ್ತಿ ಸಿಗಬೇಕು ಎಂದು ಆರಿಸಿಕೊಡುತ್ತದೆ, ಅಷ್ಟೇ.

ಆ ಆಯ್ಕೆಯೇ ಗೇರಿನ ಕೆಲಸದ ಜೀವಾಳ. 2014ರಲ್ಲಿ ನಿಯಮ ಬಿಗಿಯಾಗುವವರೆಗೆ ಫಾರ್ಮುಲಾ ಒನ್ ತಂಡಗಳು ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ಅನುಪಾತದ ಗೇರುಗಳನ್ನು ಹಾಕುತ್ತಿದ್ದವು. ಮೊನಾಕೊಗೆ ಒಂದು, ಮೊಂಜಾಕ್ಕೆ ಇನ್ನೊಂದು. ಇಲ್ಲಿಯೂ ಹಾಗೆಯೇ. ತಿರುವುಗಳೇ ಹೆಚ್ಚಿರುವ ಕೊಯಮತ್ತೂರಿಗೆ ಹೊಂದುವ ಹಲ್ಲು, ಒಂದು ಕಿಲೋಮೀಟರ್ ದಾಟುವ ನೇರ ದಾರಿಯಿರುವ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟಿಗೆ ಹೊಂದುವುದಿಲ್ಲ. ಮುಖ್ಯ ತಿರುವಿನಿಂದ ಹೊರಬರುವಾಗ ಕಾರಿನ ವೇಗವೆಷ್ಟು, ಆಗ ಇಂಜಿನ್ ಯಾವ ಸುತ್ತಿನಲ್ಲಿದೆ ಎಂದು ಬರೆದಿಟ್ಟುಕೊಂಡು ಹಲ್ಲು ಆರಿಸುವವರನ್ನು ನಾನು ಮೆಚ್ಚುತ್ತೇನೆ. ‘ಎಲ್ಲರೂ 4.10 ಹಾಕಿಸ್ತಾರೆ’ ಎಂದು ಹಾಕಿಸುವುದು ದಂಡ.

ಇನ್ನು ಗೇರು ಮತ್ತು ಬಿಸಿ ಎರಡು ಬೇರೆ ಬೇರೆ ವಿಷಯ ಎಂಬ ಭ್ರಮೆ. ಸಕಲೇಶಪುರದಿಂದಾಚೆ ಶಿರಾಡಿ ಘಾಟಿಯಲ್ಲಿ ಲೋಡು ತುಂಬಿದ ಲಾರಿ ಹತ್ತಿಸುವ ಡ್ರೈವರಿಗೆ ಆ ಭ್ರಮೆಯಿಲ್ಲ. ಏರು ಶುರುವಾಗುವ ಮೊದಲೇ ಅವನು ಗೇರು ಇಳಿಸುತ್ತಾನೆ. ಸುತ್ತು ಹೆಚ್ಚಿದರೆ ವಾಟರ್ ಪಂಪು ಹೆಚ್ಚು ನೀರು ತಳ್ಳುತ್ತದೆ, ಫ್ಯಾನು ಹೆಚ್ಚು ಗಾಳಿ ಎಳೆಯುತ್ತದೆ ಎಂದು ಅವನಿಗೆ ಗೊತ್ತು. ರೀಮ್ಯಾಪ್ ಮಾಡಿಸಿದ ಟರ್ಬೊ ಕಾರಿನವರು ಮಾಡುವುದೇನು? ಕೆಳಸುತ್ತಿನಲ್ಲೇ ಟಾರ್ಕ್ ಧಾರಾಳವಾಗಿದೆ ಎಂದು ಮೇಲಿನ ಗೇರಿನಲ್ಲೇ ಎಳೆಯುತ್ತಾರೆ. ಪಂಪು ನಿಧಾನ, ಬೂಸ್ಟ್ ಪೂರ್ತಿ, ಸಿಲಿಂಡರಿನೊಳಗೆ ಒತ್ತಡ ಪರಾಕಾಷ್ಠೆಯಲ್ಲಿ. ನೇರವಾಗಿ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಇಂಜಿನ್ನುಗಳಲ್ಲಿ ಕಿಡಿ ಹೊತ್ತುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಅಂಥ ಒಂದೇ ಪೆಟ್ಟಿಗೆ ಪಿಸ್ಟನ್ ಒಡೆಯಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು.

ಗೇರ್ ಬಾಕ್ಸಿನೊಳಗಿನ ಬಿಸಿಯನ್ನು ಮರೆತದ್ದಕ್ಕೆ ನಮ್ಮಲ್ಲಿ ಅತಿ ಹೆಚ್ಚು ದಂಡ ತೆತ್ತವರು ಡ್ರೈ ಕ್ಲಚ್ ಡಿಎಸ್‌ಜಿ ಕಾರುಗಳವರು. ಏಳು ಗೇರಿನ ಡಿಕ್ಯು200 ಎಂಬ ಆ ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ತಯಾರಕರೇ ಗೊತ್ತುಮಾಡಿದ ಮಿತಿ 250 ನ್ಯೂಟನ್ ಮೀಟರ್. ಭಾರತದಲ್ಲಿ ಅದನ್ನು ಹೊತ್ತು ಬಂದ ಆಕ್ಟೇವಿಯಾ 1.8 ಟಿಎಸ್‌ಐ ಇಂಜಿನ್ನಿನ ಟಾರ್ಕೂ ಸರಿಯಾಗಿ 250. ಇಂಜಿನ್ನಿಗೆ ಅದಕ್ಕಿಂತ ಹೆಚ್ಚು ಕೊಡುವ ತಾಕತ್ತಿದ್ದರೂ ಗೇರ್ ಬಾಕ್ಸಿನ ಮಿತಿಗೆ ನಿಲ್ಲಿಸಿ ಮಾರಿದರು. ರೀಮ್ಯಾಪ್ ಅಂಗಡಿಗಳು ಆ ಬೇಲಿಯನ್ನೇ ಕಿತ್ತು ಮುನ್ನೂರು ದಾಟಿಸಿದವು. ಇದರ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲ. ಅದರ ಬಿಸಿ ಹೋಗಬೇಕಾದದ್ದು ಸುತ್ತಲಿನ ಲೋಹಕ್ಕೆ ಮತ್ತು ಅಲ್ಲಿ ಕೂತ ಗಾಳಿಗೆ ಮಾತ್ರ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ತೆವಳುತ್ತಾ ಹೋಗುವ ಕಾರು, ಒಂದು ಸಂದಿ ಸಿಕ್ಕಾಗ ಒಮ್ಮೆಗೇ ಮುನ್ನೂರು ನ್ಯೂಟನ್ ಮೀಟರ್, ಮತ್ತೆ ತೆವಳು. ಹೀಗೆ ನಡೆಸಿದ ಕ್ಲಚ್ ಸುಟ್ಟರೆ ಗೇರ್ ಬಾಕ್ಸನ್ನು ಬೈಯುವುದರಲ್ಲಿ ನ್ಯಾಯವಿಲ್ಲ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಗಟ್ಟಿ ಮಾತು ಒಂದಿದೆ, ಅದನ್ನು ತಪ್ಪಿಸಿಕೊಳ್ಳುವುದಿಲ್ಲ. ನಾವೇನು ಟ್ರ್ಯಾಕಿಗೆ ಹೋಗುತ್ತೇವೆಯೇ, ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಐದು ಸೆಕೆಂಡು ಒತ್ತುತ್ತೇವೆ, ಅದಕ್ಕೆ ಇಷ್ಟೆಲ್ಲ ತಂಪು ಯಾಕೆ ಎನ್ನುತ್ತಾರೆ. ಐದೇ ಸೆಕೆಂಡಿನ ಓವರ್‌ಟೇಕಿಗೆ ಕಂಪನಿಯ 230 ಅಶ್ವಶಕ್ತಿ ಈ ದೇಶದ ಯಾವ ರಸ್ತೆಯಲ್ಲಿ ಸಾಲದೆ ಬಂತು? ಹೆಚ್ಚಿನ ಶಕ್ತಿ ಬೇಕಾಗುವುದು ಹೊತ್ತುಗಟ್ಟಲೆ ಒತ್ತುವವರಿಗೆ. ಹಾಗೆ ಒತ್ತುವವರಿಗೆ ಮೊದಲು ಬೇಕಾದದ್ದು ತಂಪು. ಎರಡು ಕಡೆಯಿಂದ ನೋಡಿದರೂ ರೀಮ್ಯಾಪ್ ಮೊದಲ ಕೆಲಸವಾಗುವುದಿಲ್ಲ. ಜೊತೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪವನ್ನು ಬದಲಿಸುವುದಕ್ಕೆ ಬೇಲಿ ಹಾಕಿದೆ. ಫಿನ್ ತೊಳೆಯುವುದಕ್ಕೆ, ಏರ್ ಗೈಡ್ ವಾಪಸು ಹಾಕುವುದಕ್ಕೆ, ಸರಿಯಾದ ಥರ್ಮೋಸ್ಟಾಟ್ ಕೂರಿಸುವುದಕ್ಕೆ ಯಾವ ಬೇಲಿಯೂ ಇಲ್ಲ.

ಮುಂದಿನ ಸಲ ಟ್ಯೂನಿಂಗ್ ಅಂಗಡಿಗೆ ಹೋದಾಗ ಎಷ್ಟು ಕುದುರೆ ಹೆಚ್ಚುತ್ತದೆ ಎಂದು ಕೇಳಬೇಡಿ. ನನ್ನದೇ ಮಾದರಿಯ ಕಾರನ್ನು ಬಿಸಿಲಲ್ಲಿ ಇಪ್ಪತ್ತು ನಿಮಿಷ ಟ್ರ್ಯಾಕಿನಲ್ಲಿ ಓಡಿಸಿದ ಲಾಗ್ ಇದ್ದರೆ ತೋರಿಸಿ ಎಂದು ಕೇಳಿ. ಕೂಲಂಟ್, ಆಯಿಲ್, ಇಂಟೇಕ್ ಗಾಳಿ, ಗೇರ್ ಬಾಕ್ಸ್ ನಾಲ್ಕರ ಬಿಸಿಯೂ ಅದರಲ್ಲಿರಬೇಕು, ಇಪ್ಪತ್ತನೆಯ ನಿಮಿಷದಲ್ಲಿ ಇಗ್ನಿಷನ್ ಟೈಮಿಂಗ್ ಎಷ್ಟು ಹಿಂದೆ ಸರಿದಿತ್ತು ಎಂಬುದೂ ಇರಬೇಕು. ಅಂಥ ಲಾಗ್ ತೆಗೆದು ತೋರಿಸಿದವರಿಗೆ ಕಾರಿನ ಕೀಲಿ ಕೊಡಿ. ಡೈನೊ ಶೀಟನ್ನಷ್ಟೇ ಮುಂದಿಟ್ಟರೆ ಕಾರು ತಿರುಗಿಸಿಕೊಂಡು ಮನೆಗೆ ಬನ್ನಿ.